ಮುದಿ ಗಣಕದ ನಾಡಿ ಹಿಡಿದವರು

ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಾಭಿಮುಖವಾಗಿ ಹೊರಟ ಪ್ರವಾಸಿಗೆ ಮೌಂಟನ್ ವ್ಯೂ ಎಂಬಲ್ಲಿ ಬೆಟ್ಟಗಳಿಗಿಂತ ಮೊದಲು ಕಾಣುವುದು ಕಚೇರಿಗಳ ಗಾಜಿನ ಗೋಡೆಗಳು. ಕೊಲ್ಲಿಯ ಜೌಗುನೆಲದ ಕಡೆಗೆ ಸಾಗುವ ಶೋರ್‌ಲೈನ್ ರಸ್ತೆಯ 1401ನೆಯ ಸಂಖ್ಯೆಯ ಕಟ್ಟಡವೇ ಗಣಕ ಇತಿಹಾಸದ ವಸ್ತುಸಂಗ್ರಹಾಲಯ. 1959ರಲ್ಲಿ ಐಬಿಎಂ ಹೊರತಂದ ಪ್ರಖ್ಯಾತ ಗಣಕದ ಹೆಸರೂ 1401. ಅಂತಹ ಎರಡು ಯಂತ್ರಗಳು ಇದೇ ಮನೆಯಲ್ಲಿವೆ. ಇಂತಹ ಕಾಕತಾಳೀಯವನ್ನು ಕಥೆಗಾರನು ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ!

ಆದರೆ ಇಲ್ಲಿ ಹೇಳಬೇಕಾದುದು ಇನ್ನೊಂದು ಯಂತ್ರದ ಮಾತು. ಕಬ್ಬಿಣದ ಬೀರುಗಳನ್ನು ಸಾಲಾಗಿ ನಿಲ್ಲಿಸಿದಂತೆ ಕಾಣುವ ಅದರ ಹೆಸರು ಪಿಡಿಪಿ–1. ಮೆಸಾಚುಸೆಟ್ಸ್‌ನ ಮೇನಾರ್ಡ್ ಎಂಬ ಊರಿನ ಹಳೆಯ ಉಣ್ಣೆಗಿರಣಿಯಲ್ಲಿ ಇವು ತಯಾರಾದವು. ಒಟ್ಟು ಐವತ್ತಮೂರು ಮಾತ್ರ. ಸ್ಟೀವ್ ರಸೆಲ್ ಮತ್ತು ಗೆಳೆಯರ ‘ಸ್ಪೇಸ್‌ವಾರ್’ ಎಂಬ ಆಟ 1962ರಲ್ಲಿ ಮೈದಳೆದದ್ದು ಈ ಜಾತಿಯ ಯಂತ್ರದ ದುಂಡು ತೆರೆಯ ಮೇಲೆ. ಬಹುಕಾಲ ಮಲಗಿದ್ದ ಒಂದನ್ನು ಈ ಶತಮಾನದ ಮೊದಲ ದಶಕದಲ್ಲಿ ಸ್ವಯಂಸೇವಕರು ಎಬ್ಬಿಸಿದರು.

ಎಬ್ಬಿಸುವುದೆಂದರೆ ಗುಂಡಿಯೊತ್ತುವುದಲ್ಲ. ಅದರಲ್ಲಿರುವ ಸುಮಾರು 2,700 ಟ್ರಾನ್ಸಿಸ್ಟರುಗಳಿಗೆ ಸಮವಾದವು ಇಂದು ಅಂಗಡಿಯಲ್ಲಿ ಸುಲಭವಾಗಿ ದೊರೆಯವು. ಅವುಗಳಿಗೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಕೆಪ್ಯಾಸಿಟರ್—ನಮ್ಮ ರೇಡಿಯೋ ದುರಸ್ತಿಯವರ ‘ಕಂಡೆನ್ಸರ್’—ಕೆಟ್ಟಿದ್ದರೆ, ಮೊದಲ ಕ್ಷಣದಲ್ಲಿಯೇ ಸರ್ವನಾಶ ಸಂಭವಿಸಬಹುದು. ಅದರೊಳಗೆ ಅಲ್ಯುಮಿನಿಯಂ ಹಾಳೆಯ ಮೇಲೆ ಅತಿ ತೆಳುವಾದ ಆಕ್ಸೈಡಿನ ಪೊರೆಯೊಂದಿದೆ. ವಿದ್ಯುತ್ತನ್ನು ತಡೆಯುವುದು ಆ ಪೊರೆಯೇ. ವರ್ಷಗಟ್ಟಲೆ ಕೆಲಸವಿಲ್ಲದೆ ಬಿದ್ದಿದ್ದರೆ ಅದು ಕ್ಷೀಣಿಸುತ್ತದೆ. ಒಮ್ಮೆಲೇ ಪೂರ್ಣ ವೋಲ್ಟೇಜು ಹರಿದರೆ ಡಬ್ಬಿ ಕಾಯುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ.

ಹೀಗಾಗಿ ಇಂತಹ ಮುದಿ ಯಂತ್ರದ ಮುಂದೆ ಅನುಭವಸ್ಥರು ವೈದ್ಯರಂತೆ ವರ್ತಿಸುವರು. ಉಳಿದ ವಿದ್ಯುತ್ತನ್ನು ಮೊದಲು ರೆಸಿಸ್ಟರಿನ ಮೂಲಕ ಬರಿದುಮಾಡುವರು. ಮರೆತವನಿಗೆ ಕೆಪ್ಯಾಸಿಟರ್ ತಾನೇ ಜ್ಞಾಪಿಸುತ್ತದೆ! ಡಬ್ಬಿ ಉಬ್ಬಿದೆಯೇ, ದ್ರವ ಜಿನುಗಿದೆಯೇ ಎಂದು ನೋಡಿ, ಒಂದು ಕಾಲನ್ನು ಮಂಡಲದಿಂದ ಬಿಡಿಸಿ ಅಳೆಯುವರು. ಕೈಮೀಟರು ‘ಸರಿಯಾಗಿದೆ’ ಎಂದರೂ ನಂಬುವಂತಿಲ್ಲ. ಅದು ಅಳೆಯುವುದು ಅತ್ಯಲ್ಪ ವೋಲ್ಟೇಜಿನಲ್ಲಿ. ಸೋರಿಕೆ ಬಯಲಾಗುವುದು ದುಡಿಮೆಯ ವೋಲ್ಟೇಜಿನಲ್ಲಿ.

ನಿಜವಾದ ಪರೀಕ್ಷೆ ತಾಳ್ಮೆಯದು. ರೆಸಿಸ್ಟರಿನ ಮೂಲಕ ಕೆಲವೇ ವೋಲ್ಟುಗಳನ್ನು ಕೊಟ್ಟು, ಹರಿಯುವ ವಿದ್ಯುತ್ತು ಇಳಿಯುವವರೆಗೆ ಕಾಯಬೇಕು. ಇಳಿದರೆ ಪೊರೆ ಮತ್ತೆ ಬೆಳೆಯುತ್ತಿದೆಯೆಂದರ್ಥ. ಆಗ ಇನ್ನಷ್ಟು ಏರಿಸಿ ಮತ್ತೆ ಕಾಯುವುದು. ಗಂಟೆಗಳು, ಕೆಲವೊಮ್ಮೆ ದಿನಗಳೇ ಸರಿಯುತ್ತವೆ. ಮುಳ್ಳು ಇಳಿಯದೆ ಡಬ್ಬಿ ಬೆಚ್ಚಗಾದರೆ ಆಸೆ ಬಿಡಬೇಕು.

ಎಲ್ಲವನ್ನೂ ಕಿತ್ತು ಹೊಸದನ್ನು ಹಾಕಬಾರದೇಕೆ? ಮನೆಯ ರೇಡಿಯೋಕ್ಕೆ ಅದೇ ಸರಿಯಾದ ದಾರಿ. ಸಂಗ್ರಹಾಲಯದಲ್ಲಿ ಮಾತ್ರ ಬದಲಾದ ಪ್ರತಿಯೊಂದು ಭಾಗವೂ ಇತಿಹಾಸದಲ್ಲಿ ಒಂದು ತೂತು. ಕೆಲವರು ಹಳೆಯ ಡಬ್ಬಿಯನ್ನು ಬರಿದುಮಾಡಿ, ಒಳಗೆ ಹೊಸ ಪುಟ್ಟ ಕೆಪ್ಯಾಸಿಟರನ್ನು ಅಡಗಿಸುವರು. ನೋಟಕ್ಕೆ ಸೊಗಸೇ, ಆದರೆ ದಾಖಲೆಯಲ್ಲಿ ಬರೆದಿಡದಿದ್ದರೆ ಅದು ಮುಂದಿನವರಿಗೆ ಮಾಡಿದ ಮೋಸ.

ಅಷ್ಟೆಲ್ಲ ಕಾಳಜಿಯ ಫಲವಾಗಿ ಎದ್ದ ಪಿಡಿಪಿ–1ರ ದುಂಡು ತೆರೆಯ ಮೇಲೆ ಎರಡು ಪುಟ್ಟ ನೌಕೆಗಳು ನಡುವಿನ ನಕ್ಷತ್ರವನ್ನು ಸುತ್ತುತ್ತ ಒಂದನ್ನೊಂದು ಬೆನ್ನಟ್ಟುತ್ತವೆ.