ಒಪ್ಪೋಲೆ: ಗ್ರಂಥಾಲಯ ಬ್ಲಾಗುಗಳ ಅಧ್ಯಯನವೊಂದರ ಹಿನ್ನೋಟ

ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಎಂಬ ಪುಟವೊಂದಿರುತ್ತಿತ್ತು. ಅಚ್ಚಿನಲ್ಲಿ ನುಸುಳಿದ ತಪ್ಪುಗಳನ್ನು ಒಂದು ಕಡೆ, ಸರಿಯಾದ ರೂಪಗಳನ್ನು ಇನ್ನೊಂದು ಕಡೆ ಕೊಟ್ಟು, ತಿದ್ದಿಕೊಂಡು ಓದಬೇಕೆಂದು ಕೋರುವ ಕ್ರಮವದು. 2008ರಲ್ಲಿ ನಾನು ಸಲ್ಲಿಸಿದ ಎಂ.ಫಿಲ್. ಪ್ರಬಂಧಕ್ಕೆ ಅಂಥದೊಂದು ಹಾಳೆಯನ್ನು ಸೇರಿಸಲು ಸಾಧ್ಯವೇ ಎಂದು ಹಲವು ವರ್ಷಗಳ ತರುವಾಯ ವಿಚಾರಿಸಿದೆ. ನಿಯಮದಲ್ಲಿ ಅವಕಾಶವಿಲ್ಲವೆಂಬ ಉತ್ತರ ಬಂತು. ಆದಕಾರಣ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗ್ರಂಥಾಲಯಗಳು ಬ್ಲಾಗುಗಳನ್ನೂ ಓದುಗರು ತಾವೇ ಬರೆಯಬಹುದಾದ ಜಾಲತಾಣಗಳನ್ನೂ ಹೇಗೆ ಬಳಸಿಕೊಳ್ಳುತ್ತಿವೆ ಎಂಬುದು ನನ್ನ ಪ್ರಬಂಧದ ವಿಷಯ. ಅಮೆರಿಕದ ಗ್ರಂಥಪಾಲಕ ಮೈಕೇಲ್ ಕೇಸಿ 2005ರಲ್ಲಿ ತಮ್ಮ ಬ್ಲಾಗಿನಲ್ಲಿ ಬಳಸಿದ ‘ಲೈಬ್ರರಿ 2.0’ ಎಂಬ ಮಾತು ಆಗ ವಿಚಾರಗೋಷ್ಠಿಗಳಲ್ಲಿ ಮಂತ್ರದಂತೆ ಕೇಳಿಬರುತ್ತಿತ್ತು. ಅದೇ ವರ್ಷ ಮಿಶಿಗನ್ನಿನ ಆನ್ ಆರ್ಬರ್ ಜಿಲ್ಲಾ ಗ್ರಂಥಾಲಯ ತನ್ನ ಜಾಲತಾಣವನ್ನೇ ಬ್ಲಾಗುಗಳ ರೂಪಕ್ಕೆ ತಂದು, ಓದುಗರ ಪ್ರತಿಕ್ರಿಯೆಗೆ ತೆರೆದಿಟ್ಟಿತ್ತು. ಇಂಥ ಉದಾಹರಣೆಗಳನ್ನು ಮುಂದಿಟ್ಟುಕೊಂಡು ನಾನು ಕನ್ನಡದ ಕಡೆ ನೋಡಿದೆ. ನನ್ನ ವಿಧಾನ ಸರಳವಾಗಿತ್ತು: ಬರಹಗಳೆಷ್ಟು, ಪ್ರತಿಕ್ರಿಯೆಗಳೆಷ್ಟು ಎಂಬ ಎಣಿಕೆ. ಹೆಸರಘಟ್ಟದಿಂದ ಬಸ್ಸಿನಲ್ಲಿ ಯಲಹಂಕಕ್ಕೆ ಹೋಗಿ, ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ಹಣ ತೆತ್ತು, ಕೋಷ್ಟಕ ತುಂಬುತ್ತಿದ್ದೆ. ಪ್ರತಿಕ್ರಿಯೆಯ ಅಂಕಣದಲ್ಲಿ ಸೊನ್ನೆಗಳೇ ಹೆಚ್ಚು. ಕನ್ನಡದ ಓದುಗ ಸ್ವಭಾವತಃ ಮೌನಿ, ಸಂವಾದಾತ್ಮಕ ಗ್ರಂಥಾಲಯಕ್ಕೆ ಅವನಿನ್ನೂ ಸಿದ್ಧನಾಗಿಲ್ಲ ಎಂದು ತೀರ್ಮಾನಿಸಿದೆ. ತಿದ್ದಬೇಕಾದ ವಾಕ್ಯ ಇದೇ.

ಇದು ಸುಳ್ಳೆಂಬುದಕ್ಕೆ ಆಧಾರ ಆಗಲೇ ನನ್ನ ಕಣ್ಣೆದುರಿಗಿತ್ತು. ನಮ್ಮೂರಿನ ನೆರೆಯ ಹಳ್ಳಿಯೊಂದರಲ್ಲಿ ಪುಟ್ಟ ಗ್ರಂಥಾಲಯವಿತ್ತು. ಗೌರವಧನದ ಮೇಲೆ ದುಡಿಯುತ್ತಿದ್ದ ಮೇಲ್ವಿಚಾರಕರೊಬ್ಬರು ದಿನಕ್ಕೆ ಕೆಲವೇ ಗಂಟೆ ಅದರ ಬಾಗಿಲು ತೆರೆಯುತ್ತಿದ್ದರು. ಮೇಜಿನ ಮೇಲೆ ಉದ್ದನೆಯ ಲೆಕ್ಕದ ಪುಸ್ತಕವೊಂದಿರುತ್ತಿತ್ತು. ಬೇಕಾದ ಪುಸ್ತಕದ ಹೆಸರನ್ನು ಓದುಗರು ಅದರಲ್ಲಿ ಬರೆಯುತ್ತಿದ್ದರು. ಕೆಳಗೆ ಮೇಲ್ವಿಚಾರಕರು ಕೆಂಪು ಶಾಯಿಯಲ್ಲಿ ಉತ್ತರಿಸುತ್ತಿದ್ದರು. ಒಮ್ಮೊಮ್ಮೆ ಮೂರನೆಯವರೊಬ್ಬರು, ಆ ಪುಸ್ತಕ ನಮ್ಮ ಮನೆಯಲ್ಲಿದೆ, ಬಂದು ಒಯ್ಯಿರಿ ಎಂದು ಸೇರಿಸಿರುತ್ತಿದ್ದರು. ಇಲ್ಲಿ ಕೃಷಿಕರು ಹೆಚ್ಚು. 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರುವುದು ಇಲ್ಲಿಯೇ. ಅದು ಹೊರತರುವ ತಳಿಗಳ ಹೆಸರಿಗೆ ‘ಅರ್ಕಾ’ ಎಂಬ ಪೂರ್ವಪದ ಬಂದಿರುವುದು ನಮ್ಮ ಕೆರೆಗೆ ನೀರು ತರುವ ಅರ್ಕಾವತಿಯಿಂದ. ಆದಕಾರಣ ಕೋರಿಕೆಗಳೂ ಕಾದಂಬರಿಗಳಿಗೆ ಸೀಮಿತವಾಗಿರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಕೋರಿಕೆ ಮಾತ್ರ ಉಳಿದಿದೆ: “ಕಳೆ ಬಗ್ಗೆ ಪುಸ್ತಕ ಬೇಕು.” ಇಷ್ಟೆಲ್ಲ ಶ್ರದ್ಧೆಯಿಂದ ಏಕೆ ಉತ್ತರಿಸುತ್ತೀರಿ ಎಂದು ಕೇಳಿದ್ದಕ್ಕೆ, “ಬರೆದೋರಿಗೆ ಉತ್ತರ ಸಿಗದಿದ್ರೆ ನಾಳೆ ಯಾಕೆ ಬರೀತಾರೆ ಸಾರ್?” ಎಂದು ಅವರು ಮರುಪ್ರಶ್ನೆ ಹಾಕಿದರು. ಅದನ್ನೂ ಗುರುತು ಹಾಕಿಕೊಂಡೆ, ಪ್ರಬಂಧಕ್ಕೆ ಸೇರಿಸಲಿಲ್ಲ. ಅದು ಅಂತರ್ಜಾಲವಲ್ಲವಲ್ಲ!

ನಾನು ಎಣಿಸಿದ ಬ್ಲಾಗುಗಳಲ್ಲಿ ಹೆಚ್ಚಿನವು ಪ್ರಕಟಣೆಯ ಹಲಗೆಗಳಾಗಿದ್ದವು. ರಜಾದಿನಗಳ ಪಟ್ಟಿ, ಹೊಸ ಪುಸ್ತಕಗಳ ಪಟ್ಟಿ, ಉದ್ಘಾಟನೆಯ ಛಾಯಾಚಿತ್ರ. ಅಲ್ಲಿ ಪ್ರತಿಕ್ರಿಯಿಸಲು ಏನಿತ್ತು? ಪ್ರತಿಕ್ರಿಯಿಸಿದರೆ ಬದಲಾಗುವುದಾದರೂ ಏನಿತ್ತು? ನಾನು ಪ್ರಬಂಧ ಬರೆಯುತ್ತಿದ್ದ ಅದೇ 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸುಮಾರು 3,100 ಹಳೆಯ ಛಾಯಾಚಿತ್ರಗಳನ್ನು ಫ್ಲಿಕರ್ ತಾಣದಲ್ಲಿರಿಸಿತು. ಚಿತ್ರದಲ್ಲಿರುವ ಊರನ್ನೋ ವ್ಯಕ್ತಿಯನ್ನೋ ಗುರುತಿಸಿ ಜನ ಬರೆದರು. ಸಿಬ್ಬಂದಿ ಅದನ್ನು ಪರಿಶೀಲಿಸಿ ತಮ್ಮ ಸೂಚಿಯನ್ನೇ ತಿದ್ದಿದರು. ಈ ಸುದ್ದಿಯನ್ನು ನಾನು ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸಿದ್ದೇನೆ. ಓದುಗನ ಮಾತು ಸೂಚಿಯೊಳಕ್ಕೆ ಹೋಯಿತೆಂಬ ಮುಖ್ಯ ಸಂಗತಿ ಮಾತ್ರ ಹೊಳೆಯಲಿಲ್ಲ.

ಕನ್ನಡದಲ್ಲಿ ಸೂಚಿಯ ಸ್ಥಿತಿಯೇ ಓದುಗನನ್ನು ಹೊರಗಿಟ್ಟಿತ್ತು. ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ನಮ್ಮ ಅಪೂರ್ವ ಗ್ರಂಥಗಳು ಸ್ಕ್ಯಾನ್ ಆದವು. ಆದರೆ ಅವುಗಳ ಹೆಸರುಗಳನ್ನು ದಾಖಲಿಸಿದ್ದು ರೋಮನ್ ಲಿಪಿಯಲ್ಲಿ, ಅದೂ ನಮೂದಿಸಿದವರ ಕಿವಿಗೆ ಕೇಳಿಸಿದಂತೆ. ದೀರ್ಘಸ್ವರಕ್ಕೆ ಒಬ್ಬರು ಎರಡಕ್ಷರ ಬರೆದರೆ ಇನ್ನೊಬ್ಬರು ಒಂದನ್ನೇ ಬರೆದರು. ಲಕಾರ ಳಕಾರಗಳಿಗೂ ನಕಾರ ಣಕಾರಗಳಿಗೂ ಭೇದವಿಲ್ಲ. ಹಳ್ಳಿ ಹಲ್ಲಿಯಾಗುತ್ತದೆ, ಕಳೆ ಕಲೆಯಾಗುತ್ತದೆ. ನಮ್ಮ ನೆರೆಯ ಕೃಷಿಕ ತನ್ನ ಕೋರಿಕೆಯನ್ನು ಅಲ್ಲಿ ಹುಡುಕಿದ್ದರೆ ಚಿತ್ರಕಲೆಯ ಗ್ರಂಥಗಳು ದೊರೆಯುತ್ತಿದ್ದವೇನೋ. ಕನ್ನಡ ಲಿಪಿಯಲ್ಲೇ ಬರೆದು ಹುಡುಕಿದವರಿಗಂತೂ ಏನೂ ಕಾಣುತ್ತಿರಲಿಲ್ಲ. ಇತ್ತ ಕಚೇರಿಗಳಲ್ಲಿ ಕನ್ನಡದಲ್ಲೇ ಸಿದ್ಧವಾದ ಪಟ್ಟಿಗಳು ಬಹುಪಾಲು ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳಲ್ಲಿದ್ದುದರಿಂದ ಶೋಧಯಂತ್ರಗಳಿಗೆ ಅವು ಅರ್ಥಹೀನ ಸಂಕೇತಗಳ ಸಾಲು. ಓದುಗ ಮಾತನಾಡುತ್ತಿಲ್ಲವೆಂದು ನಾನು ದೂರಿದೆ. ಗ್ರಂಥಾಲಯವೇ ಅವನ ಲಿಪಿಯಲ್ಲಿ ಮಾತನಾಡುತ್ತಿರಲಿಲ್ಲ.

2010ರ ದಶಕದಲ್ಲಿ ಈ ಗಂಟನ್ನು ಬಿಡಿಸಲು ಹೊರಟವರು ಬೆಂಗಳೂರಿನ ‘ಸಂಚಯ’ ತಂಡದವರು. ಭಾರತೀಯ ಡಿಜಿಟಲ್ ಗ್ರಂಥಾಲಯದಲ್ಲೂ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲೂ ಇದ್ದ ಕನ್ನಡ ಪುಸ್ತಕಗಳನ್ನು ‘ಪುಸ್ತಕ ಸಂಚಯ’ ಒಂದೆಡೆ ಹುಡುಕಲು ಅನುವುಮಾಡಿಕೊಟ್ಟಿತು. ಅದಕ್ಕಾಗಿ ಅವರು ‘ಸಮೂಹ ಸಂಚಯ’ ಎಂಬ ತಾಣದಲ್ಲಿ ಕೃತಿ, ಕರ್ತೃಗಳ ರೋಮನ್ ಹೆಸರುಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಓದುಗರ ಕೈಗೇ ಕೊಟ್ಟರು. ನಾನು ಮೌನಿಗಳೆಂದು ಬರೆದಿದ್ದ ಜನ ಬಂದರು, ಒಂದೊಂದೇ ಹೆಸರನ್ನು ಕನ್ನಡದಲ್ಲಿ ಬರೆದರು. ನಾನೂ ಕೆಲವು ಸಂಜೆ ಕುಳಿತು ಹೆಸರುಗಳನ್ನು ತುಂಬಿದೆ. ಕೆಲವೆಡೆ ಮುಖಪುಟದ ಚಿತ್ರವನ್ನು ತೆರೆದು ನೋಡದೆ ಲಕಾರವೋ ಳಕಾರವೋ ಎಂದು ನಿರ್ಧರಿಸುವಂತಿರಲಿಲ್ಲ. ಹಸ್ತಪ್ರತಿಗಳ ಪಾಠಾಂತರ ನೋಡುವ ನಮ್ಮ ವಿಭಾಗದ ಶಿಸ್ತು ಅಲ್ಲಿ ಉಪಯೋಗಕ್ಕೆ ಬಂತೆಂಬುದು ನನಗೆ ಸಂತೋಷದ ಸಂಗತಿ. ಮುಂದೆ ಭಾರತೀಯ ಡಿಜಿಟಲ್ ಗ್ರಂಥಾಲಯದ ತಾಣ ಸ್ಥಗಿತಗೊಂಡಿತು. ಅದರ ಅಪಾರ ಸಂಖ್ಯೆಯ ಗ್ರಂಥಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡವು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು, ಈಗ ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ಆ ನೆರೆಯ ಹಳ್ಳಿಗೆ ಈಚೆಗೆ ಹೋಗಿದ್ದೆ. ಹೊಸ ಮೇಜಿನ ಮೇಲೆ ಗಣಕಯಂತ್ರವಿತ್ತು, ಮಕ್ಕಳು ಸುತ್ತ ನಿಂತಿದ್ದರು. ಹಳೆಯ ಲೆಕ್ಕದ ಪುಸ್ತಕವನ್ನು ಕೇಳಿದೆ. ಕಟ್ಟಡ ಬದಲಾಯಿಸುವಾಗ ರದ್ದಿಗೆ ಹೋಗಿರಬೇಕು ಎಂದರು. ಅವರನ್ನು ದೂರಲಾರೆ. ಅದು ಕೈಯಲ್ಲಿದ್ದಾಗ ಪ್ರತಿ ಮಾಡಿಕೊಳ್ಳದೆ ಹೋದವನು ಸಂಶೋಧಕನೆನಿಸಿಕೊಂಡಿದ್ದ ನಾನು. ಕಳೆಯ ಪುಸ್ತಕ ಕೇಳಿದವರಿಗೆ ಕೆಂಪು ಶಾಯಿಯಲ್ಲಿ ಏನು ಉತ್ತರ ಬರೆದಿತ್ತೆಂಬುದನ್ನೂ ನಾನು ಗುರುತು ಹಾಕಿಕೊಂಡಿಲ್ಲ.