ಮೂರನೆಯವರ ಜಗಲಿ

ಗಂಡನ ಮನೆಯಲ್ಲಿ ಬಾಳ್ವೆ ಹೊಂದದಿದ್ದರೆ ಹೆಣ್ಣುಮಗಳನ್ನು ತವರಿಗೆ ಕಳುಹಿಸಿಬಿಡುವುದನ್ನು ನಮ್ಮ ಶಂಕರನಾರಾಯಣದ ಕಡೆ ಹಿಂದಿನಿಂದಲೂ ಕಂಡಿದ್ದೇವೆ. ಅದೇ ಸಾಕಷ್ಟು ಕಷ್ಟ. ಆದರೆ ಎಂಥ ಕಟುಕರೂ ಅವಳನ್ನು ಗುರುತು ಪರಿಚಯವಿಲ್ಲದ ಮೂರನೆಯವರ ಜಗಲಿಯಲ್ಲಿ ಇಳಿಸಿ ಬಂದದ್ದನ್ನು ನಾನು ಕೇಳಿಲ್ಲ. ದೇಶಗಳು ಈಗ ಅದನ್ನೂ ಮಾಡತೊಡಗಿವೆ.

2025ರ ಫೆಬ್ರವರಿಯಲ್ಲಿ ಅಮೆರಿಕ 299 ವಲಸಿಗರನ್ನು ಅವರವರ ದೇಶಕ್ಕಲ್ಲ, ಪನಾಮಾಕ್ಕೆ ಸಾಗಿಸಿತು. ಆಫ್ಘಾನರು, ಇರಾನಿಗಳು, ಚೀನೀಯರ ಜೊತೆಗೆ ಭಾರತೀಯರೂ ಅದರಲ್ಲಿದ್ದರು. ಅವರನ್ನು ಹೋಟೆಲೊಂದರಲ್ಲಿ ಕಾವಲಿಟ್ಟು ಕೂಡಿಹಾಕಿದರು. ಕಿಟಕಿಯ ಗಾಜಿನ ಹಿಂದೆ ಸಹಾಯ ಬೇಡುವ ಬರಹ ಹಿಡಿದು ನಿಂತವರ ಚಿತ್ರ ಲೋಕವೆಲ್ಲ ನೋಡಿತು. ಸ್ವದೇಶಕ್ಕೆ ಹೋಗಲು ಒಪ್ಪದವರನ್ನು ದಾರಿಯೆನ್ ಕಾಡಿನಂಚಿನ ಶಿಬಿರಕ್ಕೆ ಒಯ್ದರು.

ತರಗತಿಯಲ್ಲಿ ಈ ಮಾತು ಬಂದಾಗ ಹುಡುಗಿಯೊಬ್ಬಳು, "ಟೀಚರೇ, ಅವ್ರ್ ಕದ್ದ್ ಹೋದದ್ದ್ ತಪ್ಪಲ್ದಾ?" ಎಂದಳು. ತಪ್ಪೇ. ಯಾರನ್ನು ಒಳಗೆ ಬಿಡಬೇಕೆಂಬುದು ಆಯಾ ದೇಶದ ಅಧಿಕಾರ. ಆದರೆ ಕಳುಹಿಸುವ ಮುನ್ನ ಅವರ ಮಾತು ಕೇಳಬೇಡವೇ? ಜೀವಕ್ಕೆ ಅಪಾಯವಿರುವಲ್ಲಿಗೆ ನಿರಾಶ್ರಿತರನ್ನು ದೂಡಬಾರದೆಂದು 1951ರ ಅಂತರರಾಷ್ಟ್ರೀಯ ಒಪ್ಪಂದವೇ ಹೇಳುತ್ತದೆ. (ಭಾರತ ಅದಕ್ಕೆ ಸಹಿ ಹಾಕಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕಾಗುತ್ತದೆ.) ಮೂರನೆಯ ದೇಶವೆಂಬುದು ಈ ನಿಯಮದ ಬೇಲಿ ಹಾರುವ ಉಪಾಯ. "ನಾವು ಅವರ ಊರಿಗೆ ಕಳುಹಿಸಲಿಲ್ಲ" ಎಂದು ಮೊದಲನೆಯವರು ಕೈತೊಳೆದುಕೊಳ್ಳಬಹುದು. ಎರಡನೆಯವರು ಮುಂದಕ್ಕೆ ದಾಟಿಸಬಹುದು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ರುವಾಂಡಾ ಯೋಜನೆಯನ್ನು ತಡೆದದ್ದು ಇದೇ ಭಯದಿಂದ.

ಇದೆಲ್ಲ ದೂರದ ಸುದ್ದಿಯೆನ್ನುವ ಹಾಗಿಲ್ಲ. ನಮ್ಮ ಕರಾವಳಿಯ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ಸಿಲೋನಿನಿಂದ ಬಂದ ತಮಿಳು ಕುಟುಂಬಗಳಿವೆ. ಬ್ರಿಟಿಷರ ಕಾಲದಲ್ಲಿ ಅವರ ಹಿರಿಯರು ಅಲ್ಲಿನ ಚಹಾ ತೋಟಗಳಿಗೆ ದುಡಿಯಲು ಹೋದವರು. 1948ರ ಪೌರತ್ವ ಕಾನೂನು ಲಕ್ಷಾಂತರ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಕುಳಿತು, ಅಡಿಕೆ ಪಾಲು ಮಾಡಿದಂತೆ, 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ ಎಂದು ಒಪ್ಪಂದ ಮಾಡಿಕೊಂಡರು. ಉಳಿದವರ ಲೆಕ್ಕ ಮುಂದಕ್ಕೆ ಹೋಯಿತು. ಜನರನ್ನು ಕೇಳುವ ಮೊದಲೇ ಸಂಖ್ಯೆ ನಿಗದಿಯಾಗಿತ್ತು. ಕಾಗದದಲ್ಲಿ ಅವರು ತಾಯ್ನಾಡಿಗೆ 'ವಾಪಸಾದವರು'. ಎಷ್ಟೋ ಮಂದಿ ಹುಟ್ಟಿದ್ದೇ ಸಿಲೋನಿನಲ್ಲಿ. ಕನ್ನಡ, ತುಳುವಿನ ಈ ನೆಲವಂತೂ ಅವರ ಅಜ್ಜಂದಿರಿಗೂ ಗೊತ್ತಿರಲಿಲ್ಲ. ಆದರೂ ಅವರಿಗೆ ಕೆಲಸ ಸಿಕ್ಕಿತು, ಸೂರು ಸಿಕ್ಕಿತು, ಪೌರತ್ವ ಸಿಕ್ಕಿತು. ಪನಾಮಾದ ಹೋಟೆಲಿನಲ್ಲಿ ಕೂಡಿಹಾಕಲ್ಪಟ್ಟವರಿಗೆ ಅಷ್ಟೂ ಭರವಸೆಯಿರಲಿಲ್ಲ.

ಕುಂದಾಪುರ ಸೀಮೆಯವರಾದ ನಮ್ಮ ಮಕ್ಕಳು ಮುಂಬಯಿ, ಗಲ್ಫ್, ಅಮೆರಿಕ ಎಂದು ಹೋದಲ್ಲೆಲ್ಲ ಪರರ ಕಾನೂನಿನ ನೆರಳಿನಲ್ಲೇ ಅನ್ನ ಉಣ್ಣುತ್ತಾರೆ. ಆದ್ದರಿಂದ 'ವಾಪಸು' ಎಂಬ ಪದ ಪತ್ರಿಕೆಯಲ್ಲಿ ಕಂಡಾಗಲೆಲ್ಲ ಎರಡು ಪ್ರಶ್ನೆ ಕೇಳಲು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ಎಲ್ಲಿಗೆ? ಅವರ ಮಾತನ್ನು ಯಾರು ಕೇಳಿದರು?