ಓಮ್ನಿಗೆ ಹಾಕಿದ ಟಾನಿಕ್

ಇವತ್ತು ಬೆಳೆ ವಿಷಯ ಅಲ್ಲ, ನಮ್ಮ ಹಳೇ ಓಮ್ನಿ ವಿಷಯ. ಹೂಟಗಳ್ಳಿ ಸುತ್ತಮುತ್ತ ಇಂಥ ಗಾಡೀಲಿ ಸೊಪ್ಪು ತರಕಾರಿ ಸಾಗಿಸೋರು ಬಹಳ ಜನ ಇದ್ದೀರಿ, ಉಪಯೋಗ ಆಗಲಿ ಅಂತ ಬರೀತಿದ್ದೀನಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಗಾಡಿ ನೀಲಿ ಹೊಗೆ ಬಿಡೋದು. ಎಣ್ಣೆನೂ ಕುಡಿಯೋದು. ನಮ್ಮ ಹುಡುಗ ಇಲ್ಲೇ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಾನೆ. ಓಟಿ ದುಡ್ಡಲ್ಲಿ ಒಂದು ಕ್ಯಾನ್ 5W-30 ಫುಲ್ ಸಿಂಥೆಟಿಕ್ ಆಯಿಲ್, ಜೊತೆಗೆ ಒಂದು ಅಡಿಟಿವ್ ಬಾಟ್ಲಿ ತಂದ. "ಅಪ್ಪಾ, ಇದು ಹಾಕ್ಸು, ಹೊಗೆ ನಿಲ್ಲುತ್ತಂತೆ, ಇಂಜಿನ್ ಒಳಗೆಲ್ಲ ಕ್ಲೀನ್ ಆಗುತ್ತಂತೆ" ಅಂದ. ಮಗ ಆಸೆಯಿಂದ ತಂದಿದ್ದು, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ. ಹಾಕಿಸಿದೆ.

ಹದಿನೈದು ದಿನ ಆಗಿತ್ತು. ಬೆಳಗಿನ ಜಾವ ಬೀನ್ಸ್ ತುಂಬಿಕೊಂಡು ಬಂಡೀಪಾಳ್ಯ ಮಾರ್ಕೆಟ್‌ಗೆ ಹೊರಟಿದ್ದೆ. ರಿಂಗ್ ರೋಡಲ್ಲಿ ಬೋಗಾದಿ ದಾಟಿದ ಮೇಲೆ ಎಣ್ಣೆ ಗಿಂಡಿ ಗುರುತಿನ ಕೆಂಪು ದೀಪ ಹತ್ತಿತು. ಹರಾಜಿನ ಹೊತ್ತಾಗ್ತಿದೆ, ಹೆಂಗೋ ಹೋಗಿಬಿಡೋಣ ಅನ್ನಿಸ್ತು. ಆದರೂ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ. ಕಡ್ಡಿ ಎಳೆದು ನೋಡಿದರೆ ಎಣ್ಣೆ ಕೆಳಗಿನ ಗೆರೆಗಿಂತ ಮೇಲೇ ಇದೆ! ಬೀನ್ಸ್ ಮೂಟೆನ ಪರಿಚಯದವರ ಗಾಡಿಗೆ ಹಾಕಿ ಕಳಿಸಿ, ಓಮ್ನಿನ ಎಳೆಸಿಕೊಂಡು ಬಂದೆ.

ಮೆಕ್ಯಾನಿಕ್ಕು ಕೆಳಗಿನ ಸಂಪ್ ಬಿಚ್ಚಿ ತೋರಿಸಿದ. ವರ್ಷಗಟ್ಟಲೆ ಕೂತಿದ್ದ ಕಪ್ಪು ಜಿಡ್ಡು ಆ ಬಾಟ್ಲಿ ಹೊಡೆತಕ್ಕೆ ಒಟ್ಟಿಗೇ ಎದ್ದು ಬಂದು ಎಣ್ಣೆ ಎಳೆಯೋ ಜಾಲರಿಗೆ ಮೆತ್ತಿಕೊಂಡಿತ್ತು. ಕೆಳಗೆ ಎಣ್ಣೆ ಇದೆ, ಮೇಲಕ್ಕೆ ಹೋಗ್ತಿಲ್ಲ. "ಯಜಮಾನ್ರೇ, ಇನ್ನೊಂದೆರಡು ಕಿಲೋಮೀಟರ್ ಓಡಿಸಿದ್ರೆ ಬೇರಿಂಗ್ ಹಿಡ್ಕೊಂಡು ಇಂಜಿನ್ನೇ ಹೋಗಿರೋದು" ಅಂದ. ಹೊಗೆಗೆ ಕಾರಣ ಸವೆದ ವಾಲ್ವ್ ಸೀಲು. ರಬ್ಬರ್ ಸವೆದಿದ್ದರೆ ಯಾವ ಎಣ್ಣೆ ತಾನೇ ಏನು ಮಾಡೀತು?

ಅವನು ಹೇಳಿದ್ದರಲ್ಲಿ ಇನ್ನೊಂದು ವಿಷಯ. 20W-40 ಅಂದರೆ W ವಿಂಟರ್‌ದು. ಮೊದಲ ನಂಬರ್ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದು, ಎರಡನೇದು ಇಂಜಿನ್ ಕಾದಾಗ ಎಷ್ಟು ಮಂದ ಇರುತ್ತೆ ಅನ್ನೋದು. 5W ಎಣ್ಣೆನ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಗೆ ಪರೀಕ್ಷೆ ಮಾಡಿರ್ತಾರೆ. ನಮ್ಮೂರಲ್ಲಿ ಅಂಥ ಚಳಿ ಎಲ್ಲಿ? ಕಾದಾಗ 30 ಅನ್ನೋದು 40ಕ್ಕಿಂತ ತೆಳು. ಸವೆದ ಇಂಜಿನ್‌ಗೆ ತೆಳು ಎಣ್ಣೆ ಹಾಕಿದರೆ ಇನ್ನಷ್ಟು ಸುಡುತ್ತೆ, ಸೋರುತ್ತೆ. ಹಂಗಂತ ಸಿಂಥೆಟಿಕ್ ಕೆಟ್ಟದ್ದಲ್ಲ. ಶಾಖ ಚೆನ್ನಾಗಿ ತಡೆಯುತ್ತೆ, ಬೇಗ ಕೆಡಲ್ಲ. ಈಗಿನ ಹೊಸ ಕಾರು, ಟರ್ಬೋ ಇಂಜಿನ್‌ಗಳಿಗೆ ಕಂಪನಿಯವರೇ ಅದನ್ನ ಹೇಳಿರ್ತಾರೆ. ಅವಕ್ಕೆ ಅದೇ ಹಾಕಬೇಕು.

ಸಂಜೆ ಹುಡುಗನಿಗೆ ಹೇಳಿದೆ. ಮುಖ ಸಣ್ಣದು ಮಾಡಿಕೊಂಡ. ರಾತ್ರಿಯೆಲ್ಲ ಮೊಬೈಲಲ್ಲಿ ಹುಡುಕಿ ಬೆಳಿಗ್ಗೆ ಅವನೇ ಹೇಳಿದ: ಒಳ್ಳೇ ಆಯಿಲ್‌ನಲ್ಲಿ ಜಿಡ್ಡು ತೊಳೆಯೋದು, ಸವೆತ ತಡೆಯೋದು ಎಲ್ಲಾ ಅಡಿಟಿವ್ ಕಂಪನಿಯವರೇ ಅಳತೆ ಮಾಡಿ ಬೆರೆಸಿರ್ತಾರಂತೆ. ಅಮೆರಿಕದಲ್ಲಿ ಸ್ಲಿಕ್ 50 ಅನ್ನೋ ಬಾಟ್ಲಿ ಮೇಲೆ 1996ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನು, ಜಾಹೀರಾತಲ್ಲಿ ಹೇಳಿದ್ದಕ್ಕೆ ಆಧಾರ ಇಲ್ಲ ಅಂತ ಕೇಸು ಹಾಕಿತ್ತಂತೆ.

ಬೈಯೋಕೆ ನನಗೆಲ್ಲಿ ಬಾಯಿ? ಅಂಗಡಿಯವರು ಹೇಳಿದರು ಅಂತ ಟೊಮೆಟೊಗೆ ಬಣ್ಣದ ಬಾಟ್ಲಿ ಟಾನಿಕ್ ಹೊಡೆದು ಎಲೆ ಸುಟ್ಟುಕೊಂಡವನು ನಾನೇ. ಬೇರಿಗೆ ರೋಗ ಬಂದಿದ್ದರೆ ಎಲೆಗೆ ಹೊಡೆದು ಏನು ಪ್ರಯೋಜನ ಹೇಳಿ. "ನೀನು ತಂದಿದ್ದು ತಪ್ಪಲ್ಲ ಮಗಾ, ಕೇಳದೆ ಹಾಕಿಸಿದ್ದು ನನ್ನ ತಪ್ಪು" ಅಂದೆ.

ಈಗ ಸೀಲು ಬದಲಾಯಿಸಿ, ಹೊಸ ಫಿಲ್ಟರ್ ಜೊತೆ ಮಾಮೂಲಿ 20W-40 ಹಾಕಿಸಿದ್ದೀನಿ. ಹೊಗೆ ನಿಂತಿದೆ. ಗಾಡಿ ಪುಸ್ತಕದಲ್ಲಿ ಬರೆದ ಗ್ರೇಡೇ ಹಾಕಿ, ವಾರಕ್ಕೊಂದು ಸಲ ಕಡ್ಡಿ ಎಳೆದು ನೋಡಿ. ಆ ಕೆಂಪು ದೀಪ ಹತ್ತಿದರೆ ಮಾತ್ರ ಮಾರ್ಕೆಟ್ ಹೋದರೆ ಹೋಗಲಿ, ಗಾಡಿ ನಿಲ್ಲಿಸಿಬಿಡಿ. ನಿಮ್ಮ ಅನುಭವನೂ ಬರೀರಿ.